ಹುಲ್ಲು ಬೇಗ ಬಾಡಿದ ದಿನ

ಯಂತ್ರ ಹೊಲದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಹಸಿ ನೇಪಿಯರ್ ಹುಲ್ಲು ಬಾಡತೊಡಗಿತ್ತು. ಕೊಯ್ದ ಕಡ್ಡಿಗಳು ಎರಡು ಉರುಳೆಗಳ ನಡುವೆ ನುಸುಳುವಾಗ, ಕಿವಿಗೆ ನಿಲುಕದಷ್ಟು ಎತ್ತರದ ಸದ್ದಿನ ಕಂಪನ ಅವುಗಳ ಮೇಣದಂಥ ಸಿಪ್ಪೆಯನ್ನು ಸೀಳುತ್ತಿತ್ತು. ಒಳಗಿನ ನೀರು ಆರಿಹೋಗಲು ಅಷ್ಟು ಸಾಕು. ಎರಡು ದಿನದ ಬಿಸಿಲಿನ ಕೆಲಸ ಒಂದು ಗಂಟೆಗೆ ಇಳಿದಿತ್ತು.

ಇಸವಿ ಎರಡು ಸಾವಿರದ ಅರವತ್ತೊಂದು. ಕೋಲಾರದ ಕಡೆ ಮಳೆಗೆ ಹೊತ್ತುಗೊತ್ತು ಇಲ್ಲದ ಕಾಲ. ಹೋದ ವರ್ಷ ಈ ಹೊಲದೊಡತಿ ಹರ್ಷಿತಳ ಹುಲ್ಲು ಬಾಡುವ ಮೊದಲೇ ನೆನೆದು ಕೊಳೆತು, ಬೇಸಿಗೆಗೆ ಮೇವಿಲ್ಲದೆ ಎರಡು ಹಸು ಮಾರಬೇಕಾಯಿತು. ಆ ಸಂಕಟ ಇನ್ನೂ ಮಾಸಿರಲಿಲ್ಲ. ಯಂತ್ರ ಕಂಡುಹಿಡಿದ ವಿಜ್ಞಾನಿ ತನ್ವೀರ್ ಪರೀಕ್ಷೆಗೆಂದು ಹೊಲ ಕೇಳಿದಾಗ ಅವಳು ಮರುಮಾತಿಲ್ಲದೆ ಒಪ್ಪಿದ್ದಳು.

ಬಾಡಿದ ಹುಲ್ಲನ್ನು ಗುಂಡಿಗೆ ತುಂಬಿ, ಗಾಳಿ ಉಳಿಯದಂತೆ ತುಳಿದು ಮುಚ್ಚಿದರೆ ಅದು ಹದವಾಗಿ ಹುಳಿತು ಸೈಲೇಜ್ ಆಗುತ್ತದೆ. ಬೇಸಿಗೆಯಿಡೀ ಹಸುಗಳಿಗೆ ಅದೇ ಊಟ.

"ತುಳಿಯೋರು ಎಲ್ಲಿ?" ತನ್ವೀರ್ ಕೇಳಿದ.

"ನಾಡಿದ್ದು ಬತ್ತಾರೆ ಸಾ" ಎಂದವಳೇ ಹರ್ಷಿತ ಬಾಯಿ ಮುಚ್ಚಿಕೊಂಡಳು.

ಇವಳ ಗುಂಡಿ ತುಳಿಯಲು ಓಣಿಯವರು, ಅವರ ಗುಂಡಿಗೆ ಇವಳು. ಕೊಯ್ದ ಮೂರನೇ ದಿನಕ್ಕೆ ಹೀಗೆ ಮುಯ್ಯಾಳು ಕರೆಯುವುದು ವಾಡಿಕೆ. ಈ ಸಲವೂ ಅವರನ್ನು ಕರೆಯುವಾಗ ನಾಲಿಗೆ ತಾನಾಗಿ ನಾಡಿದ್ದು ಎಂದಿತ್ತು; ಯಂತ್ರಕ್ಕೆ ಒಂದು ಗಂಟೆ ಸಾಕೆಂಬುದು ಆಗ ಹೊಳೆದಿರಲಿಲ್ಲ.

ಮೂಡಲಲ್ಲಿ ಮೋಡ ಕಟ್ಟುತ್ತಿತ್ತು. "ಸಿಪ್ಪೆ ಸೀಳಿದ ಹುಲ್ಲು. ನೆನೆದರೆ ಇನ್ನೂ ಬೇಗ ಕೊಳೆಯುತ್ತೆ" ಎಂದ ತನ್ವೀರ್, ತಪ್ಪು ತನ್ನದೇ ಎಂಬಂತೆ.

ಒಬ್ಬೊಬ್ಬರಿಗೇ ಫೋನ್ ಮಾಡುವಷ್ಟು ಪುರುಸೊತ್ತಿರಲಿಲ್ಲ. ಹರ್ಷಿತ ಬದುವಿನ ಮೇಲೆ ನಿಂತು ಕೂಗಿದಳು. ಪಕ್ಕದ ಹೊಲದ ಮುನಿರಾಜಣ್ಣ ಊಟದಿಂದ ಎದ್ದು ಬಂದ. ಅವನ ಹಿಂದೆ ಓಣಿಗೆ ಓಣಿಯೇ ಬಂತು.

"ಏನಮ್ಮ, ನಿನ್ನ ಹುಲ್ಲಿಗೆ ಇಷ್ಟೊಂದು ಅವಸರ?" ಎನ್ನುತ್ತ ಮುನಿರಾಜಣ್ಣ ಗುಂಡಿಗಿಳಿದ. ತನ್ವೀರನೂ ಪ್ಯಾಂಟು ಮಡಿಚಿ ಇಳಿದ. ನಗುತ್ತ, ಬೈಯುತ್ತ, ಒಬ್ಬರ ಹೆಗಲು ಒಬ್ಬರು ಹಿಡಿದು ತುಳಿದರು. ಟಾರ್ಪಾಲು ಹೊದಿಸಿ ಮಣ್ಣು ಎಳೆಯುವಾಗ ಮೊದಲ ಹನಿ ಬಿತ್ತು.

ಕೊಟ್ಟಿಗೆಯಲ್ಲಿ ಎಲ್ಲರೂ ಒತ್ತೊತ್ತಾಗಿ ನಿಂತು ಟೀ ಕುಡಿದರು. ಹರ್ಷಿತಳ ಎದೆ ಹಗುರಾಗಿತ್ತು. ಈ ಬೇಸಿಗೆಗೆ ಯಾವ ಹಸುವನ್ನೂ ಮಾರಬೇಕಿಲ್ಲ.

"ಮುಂದಿನ ವರ್ಷ ತುಳಿಯೋ ಯಂತ್ರಾನೂ ತರ್ತೀನಮ್ಮ. ಯಾರನ್ನೂ ಕರೆಯೋದೇ ಬೇಡ" ಎಂದ ತನ್ವೀರ್.

ಅವಳು ನೆನೆದ ತಲೆಗಳನ್ನೊಮ್ಮೆ ನೋಡಿದಳು. "ತನ್ನಿ ಸಾ. ಆಮ್ಯಾಕೆ ಇವರೆಲ್ಲ ಯಾವ ನೆಪಕ್ಕೆ ಬರ್ಬೇಕು ಅನ್ನೋದನ್ನೂ ಯೋಚ್ನೆ ಮಾಡ್ಕಂಡು ತನ್ನಿ."

ತನ್ವೀರ್ ಟೀ ಲೋಟ ಕೆಳಗಿಟ್ಟು, ಒತ್ತಿ ನಿಂತವರತ್ತ ತಿರುಗಿದ. ನಮ್ಮ ನಿಮ್ಮ ಮನೆಗಳಿಗೂ ಹೀಗೇ ಒಂದೊಂದಾಗಿ ಯಂತ್ರಗಳು ಬಂದಿದ್ದವು. ಆಗ ಹರ್ಷಿತಳ ಈ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ.