ರಿಬ್ಬನ್ ಕಟ್ಟಿದ ಗಾಲಿ

“ಇದು ಕಾರಲ್ಲ, ಸಾಬೂನಿನ ಡಬ್ಬಿ,” ಅಂದಳು ಮಾನಮ್ಮ.

“ಹಂಗಾರ ಇಳಿದು ನಡಕೊಂಡು ಹೋಗು. ಡಬ್ಬಿಯೊಳಗ ಯಾಕ ಕುಂತಿ?” ಅಂದಳು ಬಸವಂತಮ್ಮ.

ಮಾನಮ್ಮ ಇಳಿಯಲಿಲ್ಲ. ಇಳಿಯುವಂತೆಯೂ ಇರಲಿಲ್ಲ. ಹನ್ನೊಂದು ಗಂಟೆಗೆ ರಾಯಚೂರಿನಲ್ಲಿ ಜಿಲ್ಲಾ ಮಟ್ಟದ ಆಟೋಟ ಶುರುವಾಗುತ್ತಿತ್ತು. ಹೆಸರು ಕೂಗಿದಾಗ ಎದುರಿಗೆ ಇಲ್ಲದವರ ಹೆಸರಿಗೆ ಗೆರೆ ಎಳೆಯುತ್ತಾರೆ ಎಂದು ಡ್ರಿಲ್ ಮಾಸ್ತರರು ಮೂರು ಸಲ ಹೇಳಿದ್ದರು. ಮಸರಕಲ್ ಶಾಲೆಯಿಂದ ಆಯ್ಕೆಯಾದವರು ಇಬ್ಬರೇ. ಮಾನಮ್ಮ ನಾನೂರು ಮೀಟರ್ ಓಟಕ್ಕೆ, ಬಸವಂತಮ್ಮ ಗುಂಡು ಎಸೆತಕ್ಕೆ. ದಾರಿಯಲ್ಲಿ ಹಳ್ಳದ ಸೇತುವೆ ಕೆಲಸ ನಡೆದಿದ್ದರಿಂದ ವಾರದಿಂದ ಬಸ್ಸು ಇರಲಿಲ್ಲ. ಇದ್ದದ್ದು ಈ ಕಾರೊಂದೇ.

ಕಾರು ಬಸವಂತಮ್ಮನ ಅಪ್ಪನದು. ಸಾಹುಕಾರ ವಿರೂಪಣ್ಣನವರಿಗೆ ರಾಯಚೂರಿನಲ್ಲಿ ಅಕ್ಕಿ ಗಿರಣಿ ಇತ್ತು. ನಾಲ್ಕು ದಿನದ ಹಿಂದೆ ಅವರು ಹಳೆಯ ಜೀಪು ಮಾರಿ ಈ ಬಿಳಿ ಸಣ್ಣ ಕಾರು ತಂದಿದ್ದರು. ಎಂಬತ್ತಾರನೆಯ ಇಸವಿ ಅದು. ಸುತ್ತಲಿನ ಹಳ್ಳಿಗಳಲ್ಲಿ ಅಂಥ ಕಾರನ್ನು ಯಾರೂ ಕಂಡಿರಲಿಲ್ಲ. ಸೀಟುಗಳ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ. ಅಲ್ಲಾಡಿದರೆ ಪರಪರ ಅನ್ನುತ್ತಿತ್ತು, ಬೆವರಿದ ಕಾಲಿಗೆ ಅಂಟುತ್ತಿತ್ತು.

ಕಾರು ಓಡಿಸುತ್ತಿದ್ದವನು ಮಾನಮ್ಮನ ಅಪ್ಪ ಗದ್ದೆಪ್ಪ. ಹದಿನಾಲ್ಕು ವರ್ಷ ಸಾಹುಕಾರರ ಜೀಪು ಓಡಿಸಿದವನು. ಊರಲ್ಲಿ ಅವನು ಸಾಹುಕಾರರ ಎದುರು ಕೂರುತ್ತಿರಲಿಲ್ಲ. ಗಾಡಿಯಲ್ಲಿ ಮಾತ್ರ ಅವರ ಪಕ್ಕ ಕೂರುತ್ತಿದ್ದ, ಗಾಡಿಯ ವಿಷಯಕ್ಕೆ ಮಾತ್ರ ಅವರಿಗೆ ಎದುರು ಮಾತಾಡುತ್ತಿದ್ದ.

“ಇದರ ಹಾರ್ನಿಗೆ ಎಮ್ಮಿ ಸೈತ ತಿರುಗಿ ನೋಡಲ್ರೀ. ಕುರಿಮರಿ ಒದರಿದಂಗ ಅದ,” ಅಂದ ಗದ್ದೆಪ್ಪ.

“ನಾ ಏನು ಎಮ್ಮಿ ಸಲುವಾಗಿ ಕಾರು ತಂದೀನೇನೋ? ಅಲ್ಲಿ ಬಟನ್ ಅದ ನೋಡು, ಒತ್ತು.”

ಒತ್ತಿದ. ಮುಂದಿನ ಗಾಜಿನ ಮೇಲೆ ನೀರು ಚಿಮ್ಮಿತು. ಬಸವಂತಮ್ಮ ಚಪ್ಪಾಳೆ ತಟ್ಟಿದಳು.

“ಗಾಜು ತೊಳಿಯಾಕ ಡ್ರೈವರಗ ಕೈ ಇಲ್ಲೇನ್ರೀ? ಮುಂದ ಹ್ಯಾಂಡಲ್ ಹಾಕಿ ಇಂಜಿನ್ ತಿರುವಾಕ ಒಂದು ತೂತಿಲ್ಲ. ಬ್ಯಾಟ್ರಿ ಕೂತ್ರ ನಾವೂ ಕೂಡಬೇಕು. ಬಾನೆಟ್ ತೆಗದ್ರ ಇಂಜಿನ್ ಅಡ್ಡ ಮಲಗ್ಯಾದ! ಎಲ್ಲಿಯಾರ ಇಂಜಿನ್ ಅಡ್ಡ ಮಲಗತದೇನು?”

“ಯಾಕ ಮಲಗ್ಯಾದ ಅಂತ ಬುಕ್ಕಿನಾಗ ಬರದಾರ.”

“ಬುಕ್ಕು ಇಂಗ್ಲಿಷಿನಾಗ ಅದ. ನೀವು ಓದೀರೇನ್ರೀ?”

ಸಾಹುಕಾರರೂ ಓದಿರಲಿಲ್ಲ. ಕೆಮ್ಮಿ, ಕಿಟಕಿಯ ಹೊರಗೆ ನೋಡಿದರು.

ಅಪ್ಪನ ಈ ಮಾತುಗಳನ್ನೆಲ್ಲ ಮಾನಮ್ಮ ನಾಲ್ಕು ದಿನದಿಂದ ಶಾಲೆಯಲ್ಲಿ ಹೇಳಿಕೊಂಡು ತಿರುಗಿದ್ದಳು. ಜೀಪೇ ಗಾಡಿ, ಉಳಿದದ್ದೆಲ್ಲ ಆಟಿಕೆ ಸಾಮಾನು. ಬಸವಂತಮ್ಮನ ಜೊತೆ ಎರಡು ಸಲ ಜಡೆ ಹಿಡಿದು ಜಗಳವೂ ಆಗಿತ್ತು. ಆದರೆ ಕಾರಿನೊಳಗೆ ಆಕೆ ಕುಳಿತದ್ದು ಇವತ್ತೇ ಮೊದಲು. ಸೀಟು ಮೆತ್ತಗಿತ್ತು. ಅದನ್ನು ಯಾರಿಗೂ ಹೇಳುವ ಮನಸ್ಸು ಆಕೆಗಿರಲಿಲ್ಲ.

ಸೇತುವೆಯ ಹತ್ತಿರ ರಸ್ತೆಗೆ ಕಲ್ಲು ಅಡ್ಡ ಇಟ್ಟು ಹೊಲದೊಳಗೆ ದಾರಿ ಬಿಟ್ಟಿದ್ದರು. ಎರೆ ಹೊಲ. ಹಿಂದಿನ ದಿನ ಮಳೆ ಹೊಡೆದು ಕಪ್ಪು ಮಣ್ಣು ಬೆಲ್ಲದ ಪಾಕದಂತಾಗಿತ್ತು. ಹಳ್ಳದ ತಳ ಮಾತ್ರ ಗಟ್ಟಿ ಗರಸು ಕಲ್ಲಿನ ನೆಲ, ನೀರು ಪಾದ ಮುಳುಗುವಷ್ಟು. ಕಾರು ಇಳಿಯಿತು, ನೀರು ದಾಟಿತು, ಆಚೆ ದಡ ಹತ್ತುತ್ತ ಅರ್ಧಕ್ಕೆ ನಿಂತಿತು. ಗದ್ದೆಪ್ಪ ರೇಸ್ ಕೊಟ್ಟ. ಇಂಜಿನ್ ಕಿರುಚಿತು. ಕಾರು ಕದಲಲಿಲ್ಲ.

“ನಾ ಹೇಳಿದ್ನಿಲ್ಲ?” ಅಂದ ಗದ್ದೆಪ್ಪ. ದನಿಯಲ್ಲಿ ಸ್ವಲ್ಪ ಖುಷಿಯೇ ಇತ್ತು.

ಮಾನಮ್ಮನಿಗೂ ಒಂದು ಗಳಿಗೆ ಖುಷಿಯಾಯಿತು. ಆಮೇಲೆ ಸಾಹುಕಾರರ ಕೈಗಡಿಯಾರ ಕಂಡಿತು. ಒಂಬತ್ತು ಗಂಟೆ. ಒಂಬತ್ತೂವರೆಗೆ ಇಲ್ಲಿಂದ ಹೊರಡದಿದ್ದರೆ ಓಟ ಮುಗಿದಂತೆ.

ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ತಾಯಣ್ಣ ಮತ್ತು ಮೂವರು ಓಡಿ ಬಂದರು.

“ಜೀಪನ್ನ ಎಷ್ಟು ಸಲ ಎತ್ತೀವಿ ಧಣಿ, ಇದೇನು ಇಲಿಮರಿ!” ಅಂದ ತಾಯಣ್ಣ.

ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊಲದ ಬದುವಿನಲ್ಲಿ ಹೋದ ವರ್ಷದ ಹತ್ತಿಕಟ್ಟಿಗೆ ಒಟ್ಟಿತ್ತು. ಅದನ್ನು ಹೊರೆಗಟ್ಟಲೆ ತಂದು ಹಿಂದಿನ ಗಾಲಿಗಳ ಕೆಳಗೆ ತುರುಕಿದರು. ಆ ಗಾಲಿಗಳಿಗೆ ಭಾರ ಬೀಳಲೆಂದು ಇಬ್ಬರು ಹಿಂದಿನ ಬಂಪರ್ ಹತ್ತಿ ನಿಂತರು. ತಾಯಣ್ಣ, ಇನ್ನೊಬ್ಬ ಮತ್ತು ಹುಡುಗಿಯರಿಬ್ಬರು ಹಿಂದಿನಿಂದ ಕೈಯಿಟ್ಟರು. ಸಾಹುಕಾರರು ಮುಂದಿನ ಬಾಗಿಲ ಹತ್ತಿರ ಬಿಳಿ ಧೋತರದ ಚುಂಗು ಎತ್ತಿ ಹಿಡಿದು ನಿಂತರು.

“ನೂಕ್ರಿ! ಹೈ! ಹೈಸಾ!”

ಇಂಜಿನ್ ಕೂಗಿತು. ಮಾನಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಜೀಪು ನೂಕುವಾಗ ಹಿಂದಿನ ಗಾಲಿಯಿಂದ ಕೆಸರು ಮುಖಕ್ಕೆ ಬಡಿಯುತ್ತದೆ ಎಂಬುದು ಆಕೆಗೆ ಗೊತ್ತು.

ಕಾರು ಏಳಲಿಲ್ಲ. ಎರಡನೆಯ ಸಲ. ಮೂರನೆಯ ಸಲ. ಮೂಗು ಇನ್ನಷ್ಟು ಹೂತುಕೊಂಡಿತು.

ಆಕೆ ಕಣ್ಣು ತೆರೆದಳು. ಮುಖ ಮುಟ್ಟಿಕೊಂಡಳು. ಒಂದು ಹನಿ ಕೆಸರಿಲ್ಲ. ಬಸವಂತಮ್ಮನ ಮುಖವೂ ಸ್ವಚ್ಛ. ತಾಯಣ್ಣನ ಬರಿಮೈಯೂ ಸ್ವಚ್ಛ. ಆದರೆ ಮುಂದಿನ ಬಾಗಿಲ ಹತ್ತಿರ ನಿಂತಿದ್ದ ಸಾಹುಕಾರರ ಧೋತರ ಮೊಣಕಾಲಿನಿಂದ ಸೊಂಟದವರೆಗೆ ಕಪ್ಪಾಗಿತ್ತು.

“ಈ ರಾಡಿ ಎಲ್ಲಿಂದ ಹಾರಾಕತ್ತದೋ!” ಎಂದು ಅವರು ಕೂಗುತ್ತಿದ್ದರು.

ಮಾನಮ್ಮ ಬಗ್ಗಿ ಹಿಂದಿನ ಗಾಲಿ ನೋಡಿದಳು. ಕೆಳಗಿನ ಹತ್ತಿಕಟ್ಟಿಗೆ ಇಟ್ಟ ಹಾಗೇ ಇತ್ತು. ಒಂದೂ ಮುರಿದಿರಲಿಲ್ಲ.

“ಯಪ್ಪಾ, ಹಿಂದಿನ ಗಾಲಿ ತಿರುಗವಲ್ದು.”

“ಹುಗಿದಾವ, ಅದಕ್ಕ ತಿರುಗವಲ್ದು. ಇನ್ನಷ್ಟು ಕಟಗಿ ಹಾಕ್ರೋ!”

“ಹುಗಿದಿಲ್ಲ. ಇದು ಮುಂದಿನ ಗಾಲೀಲಿಂದ ಓಡತದ.”

ಬಂಪರ್ ಮೇಲಿದ್ದವರು ನಕ್ಕುಬಿಟ್ಟರು. “ಹುಡುಗಿ ಎತ್ತಿನ ಬಂಡಿ ಅಂತ ತಿಳಕೊಂಡಾಳ. ಮುಂದ ಕಟ್ಟಿ ಎಳಿಯಾಕ!” ಅಂದ ಒಬ್ಬ.

“ಸುಮ್ನ ನಿಂದ್ರು ಮಾನಮ್ಮ,” ಅಂದ ಗದ್ದೆಪ್ಪ. “ಗಾಡಿ ಅಂದ್ರ ಹಿಂದಿಂದ ನೂಕತದ. ಹದಿನಾಲ್ಕು ವರ್ಷ ಆತು ನಾ ಸ್ಟೇರಿಂಗ್ ಹಿಡದು. ನೀ ನನಗ ಹೇಳ್ತಿಯೇನು?”

ನಿನ್ನೆಯವರೆಗೂ ಆಕೆಯೇ ಅಪ್ಪನ ಇಂಥ ಮಾತನ್ನು ಶಾಲೆಯಲ್ಲಿ ಹೇಳಿದ್ದಳು. ಈಗ ಅದನ್ನು ಕೇಳಿ ಸಿಟ್ಟು ಬಂತು. ಸಾಹುಕಾರರ ಗಡಿಯಾರದಲ್ಲಿ ಒಂಬತ್ತು ಹದಿನೈದು.

ಆಕೆ ಜಡೆಯ ಕೆಂಪು ರಿಬ್ಬನ್ ಬಿಚ್ಚಿದಳು. ಹಿಂದಿನ ಗಾಲಿಯ ತಗಡಿನಲ್ಲಿದ್ದ ತೂತಿಗೆ ಅದನ್ನು ಪೋಣಿಸಿ ಗಂಟು ಹಾಕಿದಳು.

“ಬಸವಂತಮ್ಮ, ನಿನ್ನ ರಿಬ್ಬನ್ ಕೊಡು.”

“ಯಾಕ?”

“ನಿಮ್ಮ ಕಾರಿನ ಮರ್ಯಾದಿ ಸಲುವಾಗಿ.”

ಬಸವಂತಮ್ಮ ತನ್ನ ನೀಲಿ ರಿಬ್ಬನ್ ಬಿಚ್ಚಿ, ಮುಂದಿನ ಗಾಲಿಗೆ ತಾನೇ ಕಟ್ಟಿದಳು.

“ಯಪ್ಪಾ, ಒಂದ ಸಲ ರೇಸ್ ಕೊಡು. ಯಾರೂ ನೂಕಬ್ಯಾಡ್ರಿ. ಕೆಂಪು ರಿಬ್ಬನ್ ತಿರುಗಿದ್ರ ನಾ ರಾಯಚೂರಿನತನಾ ಬಾಯಿ ತೆಗಿಯಂಗಿಲ್ಲ.”

“ಕೊಡೋ ಗದ್ದೆಪ್ಪ, ಅಷ್ಟಾದರೂ ಬಾಯಿ ಮುಚ್ಚತಾಳ,” ಅಂದರು ಸಾಹುಕಾರರು. ಈ ಸಲ ಅವರು ದೂರ ನಿಂತಿದ್ದರು.

ಗದ್ದೆಪ್ಪ ಒತ್ತಿದ. ನೀಲಿ ರಿಬ್ಬನ್ ಗರಗರ ತಿರುಗಿ, ಗಂಟು ಬಿಚ್ಚಿ, ಹಾರಿ ಕೆಸರಿಗೆ ಬಿತ್ತು. ಕೆಂಪು ರಿಬ್ಬನ್ ನೆಟ್ಟಗೆ ಜೋತುಬಿದ್ದಿತ್ತು. ಗಾಳಿಗೆ ತುದಿ ಮಾತ್ರ ಅಲ್ಲಾಡಿತು.

ಬಂಪರ್ ಮೇಲಿದ್ದವರು ಒಬ್ಬೊಬ್ಬರಾಗಿ ಕೆಳಗಿಳಿದರು.

ಗದ್ದೆಪ್ಪ ಇಂಜಿನ್ ಆರಿಸಿ ಹೊರಗೆ ಬಂದ. ರಿಬ್ಬನ್ ನೋಡಿದ. ಆಮೇಲೆ ಅಂಗಿಯ ಪರಿವೆಯಿಲ್ಲದೆ ಕೆಸರಿನಲ್ಲಿ ಮಲಗಿ ಕಾರಿನ ಕೆಳಗೆ ತಲೆ ಹಾಕಿದ. ನಾಲ್ಕು ದಿನದಲ್ಲಿ ಅವನು ಅದರ ಕೆಳಗೆ ಒಮ್ಮೆಯೂ ನೋಡಿರಲಿಲ್ಲ. ಬೈಯುವುದರಲ್ಲೇ ದಿನ ಕಳೆದಿದ್ದ.

“ಹಿಂದಿನ ಗಾಲಿ ತಿರುಗಿಸೋ ಶಾಫ್ಟೇ ಇಲ್ರೀ!” ಒಳಗಿನಿಂದ ದನಿ ಬಂತು. “ಅದಕ್ಕ ಇಂಜಿನ್ ಅಡ್ಡ ಮಲಗ್ಯಾದ!”

ಎದ್ದು ಬಂದವನು ದಡವನ್ನು ನೋಡಿದ, ಕಾರನ್ನು ನೋಡಿದ, ಮತ್ತೆ ದಡವನ್ನು ನೋಡಿದ. ಅಪ್ಪ ಹಾಗೆ ಸುಮ್ಮನೆ ನಿಂತರೆ ಲೆಕ್ಕ ಹಾಕುತ್ತಿದ್ದಾನೆ ಎಂದು ಮಾನಮ್ಮನಿಗೆ ಗೊತ್ತು.

“ತಾಯಣ್ಣ, ಆ ಕಟಗಿ ಎಲ್ಲಾ ತೆಗೀರಿ. ದಡದುದ್ದಕ್ಕೂ ಎರಡು ಸಾಲು ಹಾಸ್ರಿ. ಕಾರು ಹಳ್ಳಕ್ಕ ಇಳಿಸಿ, ಗರಸಿನಾಗ ತಿರುಗಿಸಿ, ರಿವರ್ಸಿನಾಗ ಹತ್ತಸ್ತೀನಿ.”

“ಹಿಂದ್ಮುಂದ ಹತ್ತೋದಾ?” ಸಾಹುಕಾರರು ಬೆಚ್ಚಿದರು. “ಮಂದಿ ನಗತಾರಲ್ಲೋ!”

“ನಗಲಿ ಬಿಡ್ರಿ. ಮೂತಿ ಮ್ಯಾಲ ಮಾಡಿ ಹತ್ತಿದ್ರ ಭಾರ ಎಲ್ಲಾ ಹಿಂದಕ್ಕ ಜಾರತದ, ಎಳಿಯೋ ಗಾಲಿ ಹಗುರಾಗತಾವ. ಬೆನ್ನು ಮ್ಯಾಲ ಮಾಡಿದ್ರ ಇಂಜಿನ್ ಭಾರ ಪೂರಾ ಅದ ಗಾಲಿ ಮ್ಯಾಲ ಕೂಡತದ. ನೂಕೋರು ಮುಂದ ಬರ್ರಿ!”

ಕಾರು ಹಿಂದಕ್ಕೆ ಜಾರಿ ಹಳ್ಳಕ್ಕೆ ಇಳಿಯಿತು. ನೀರಿನಲ್ಲಿ ತಿರುಗಿತು. ಬೆನ್ನನ್ನು ದಡಕ್ಕೆ ಕೊಟ್ಟು ನಿಂತಿತು. ಹುಡುಗಿಯರು ಒಂದೊಂದು ಹೆಡ್‌ಲೈಟ್ ಪಕ್ಕ ನಿಂತು ಬಾನೆಟ್ಟಿಗೆ ಕೈಯಿಟ್ಟರು. ಹೊಲದವರು ಅವರ ಪಕ್ಕ. ಧೋತರ ಎತ್ತಿ ಕಟ್ಟಿ ಸಾಹುಕಾರರೂ ಬಂದರು. ಇನ್ನು ಕೆಡುವುದಕ್ಕೆ ಅದರಲ್ಲಿ ಬಿಳಿ ಉಳಿದಿರಲಿಲ್ಲ.

“ಹೈಸಾ!”

ಹತ್ತಿಕಟ್ಟಿಗೆ ಚಟಚಟ ಮುರಿಯಿತು. ಕಾರು ಒಂದು ಮೊಳ ಏರಿತು, ತಡೆಯಿತು, ಮತ್ತೆ ಏರಿತು. ಈ ಸಲ ಕೆಸರು ನೂಕುವವರ ಮುಖಕ್ಕೇ ಬಂತು. ಮಾನಮ್ಮ ಬಾಯಿ ತೆರೆದು ಕೂಗುತ್ತಿದ್ದಳು, ಬಾಯಿಗೂ ಬಂತು. ಆಕೆ ಉಗಿದು ಮತ್ತೆ ಕೂಗಿದಳು. ಕೈಯ ಕೆಳಗಿನ ಬಾನೆಟ್ ಇದ್ದಕ್ಕಿದ್ದಂತೆ ದೂರ ಓಡಿತು. ಬಸವಂತಮ್ಮ ಮುಗ್ಗರಿಸಿ ಬಿದ್ದಳು. ಬಿಳಿ ಕಾರು ಬೆನ್ನು ಮುಂದೆ ಮಾಡಿಕೊಂಡು, ಕುಲುಕುತ್ತ, ದಡದ ಮೇಲೆ ಹೋಗಿ ನಿಂತಿತು.

“ಹೊಡಿ!” ಎಂದು ತಾಯಣ್ಣ ತಲೆಯ ರುಮಾಲು ಬಿಚ್ಚಿ ಗಾಳಿಗೆ ಹಾರಿಸಿದ. ಸಾಹುಕಾರರು ಕೆಸರುಗೈಯಿಂದಲೇ ಚಪ್ಪಾಳೆ ತಟ್ಟಿದರು.

“ಕಸುವು ಅದೋ ಇಲ್ಲೋ ನಮ್ಮ ಸಾಬೂನಿನ ಡಬ್ಬಿಗೆ?” ಬಸವಂತಮ್ಮ ಬಿದ್ದಲ್ಲಿಂದಲೇ ಕೇಳಿದಳು.

“ಅದ,” ಅಂದಳು ಮಾನಮ್ಮ. “ಹಾರ್ನ್ ಮಾತ್ರ ಕುರಿಮರೀದ.”

ಒಂಬತ್ತೂವರೆಗೆ ಎರಡು ನಿಮಿಷ ಕಮ್ಮಿ. ಹುಡುಗಿಯರ ಮೈ, ಆಮೇಲೆ ಸೀಟು, ಮತ್ತೆ ಹುಡುಗಿಯರ ಮೈ ನೋಡಿದರು ಸಾಹುಕಾರರು. “ಪ್ಲಾಸ್ಟಿಕ್ ಅದಲ್ಲ, ಕೂಡ್ರಿ, ಕೂಡ್ರಿ,” ಅಂದವರು ಮಾನಮ್ಮನ ಕಡೆ ತಿರುಗಿದರು. “ನಿಮ್ಮಪ್ಪಗಿಂತ ನೀನ ಶ್ಯಾಣೇಕಿ ಇದ್ದೀ ಬಿಡವಾ.”

ಗದ್ದೆಪ್ಪ ಗೇರ್ ಹಾಕಿದ. ರಾಯಚೂರು ಬರುವವರೆಗೂ ಅವನು ಕಾರನ್ನು ಒಮ್ಮೆಯೂ ಬೈಯಲಿಲ್ಲ. ಮಾನಮ್ಮ ಹಿಂದಿನಿಂದ ಅವನ ಕುತ್ತಿಗೆಯ ಮೇಲೆ ಒಣಗುತ್ತಿದ್ದ ಕೆಸರನ್ನೇ ನೋಡುತ್ತ ಕುಳಿತಳು. ಎಲ್ಲರೆದುರು ಅಪ್ಪನ ಮಾತು ತಪ್ಪಾಯಿತಲ್ಲ ಎಂದು ಗೆದ್ದ ಖುಷಿ ಅರ್ಧವಾಯಿತು.

ಅವರು ಮೈದಾನಕ್ಕೆ ಬಂದಾಗ ಹೆಸರು ಕೂಗುತ್ತಿದ್ದರು. ಮಾನಮ್ಮ ಕಾರಿನಿಂದ ಇಳಿದವಳು ನಿಲ್ಲದೆ ಓಡಿ, “ಬಂದೀನ್ರೀ!” ಎಂದು ಕೂಗಿದಳು. ಹೆಸರು ಕೂಗುತ್ತಿದ್ದ ಮಾಸ್ತರರು ಆಕೆಯ ಕಾಲು ನೋಡಿ, “ಇದೇನು, ಬೂಟು ಹಾಕ್ಕೊಂಡು ಬಂದಿ?” ಅಂದರು. ಅದು ಮೊಣಕಾಲವರೆಗೆ ಒಣಗಿದ ಎರೆಮಣ್ಣು.

ನಾನೂರು ಮೀಟರಿನಲ್ಲಿ ಆಕೆ ಎರಡನೆಯವಳು. ಮೊದಲು ಬಂದವಳು ಮಾನ್ವಿಯ ಹುಡುಗಿ, ಆಕೆ ಬಹಳ ಜೋರಾಗಿ ಓಡಿದಳು. ಬಸವಂತಮ್ಮನ ಗುಂಡು ಎಲ್ಲರಿಗಿಂತ ದೂರ ಬಿತ್ತು. ಕಾರು ನೂಕಿ ಬಂದ ಕೈ ಎಂದು ಆಕೆ ಕಂಡಕಂಡವರಿಗೆಲ್ಲ ಹೇಳಿದಳು.

ಸರ್ಟಿಫಿಕೇಟ್ ಹಿಡಿದು ಮಾನಮ್ಮ ಅಪ್ಪನನ್ನು ಹುಡುಕುತ್ತ ಓಡಿದಳು. ಬೇವಿನ ಮರದ ಕೆಳಗೆ ಜೀಪುಗಳು ನಿಂತಿದ್ದವು. ಆರೇಳು ಡ್ರೈವರುಗಳು ಕೆಸರು ಮೆತ್ತಿದ ಕಾರಿನ ಸುತ್ತ ಸೇರಿದ್ದರು. ಗದ್ದೆಪ್ಪ ಆಕೆಗೆ ಬೆನ್ನು ಮಾಡಿ ನಿಂತಿದ್ದ.

“ಎರಿ ದಡ ಹತ್ತಿಸಿಕೊಂಡು ಬಂದ್ಯಾ ಇದನ್ನ?” ಮಾನ್ವಿ ಕಡೆಯ ಜೀಪ್ ಡ್ರೈವರ್ ಹಂಪಯ್ಯ ಕೇಳುತ್ತಿದ್ದ. “ಹೆಂಗೋ ಮಾರಾಯ?”

“ರಿವರ್ಸಿನಾಗ. ಇದು ಮುಂದಿನ ಗಾಲೀಲಿಂದ ಎಳಿತದ. ನಿಮ್ಮ ಜೀಪಿನಂಗಲ್ಲ.”

“ಅಬಾ! ಕಾರ್ ಕೊಟ್ಟೋರು ಹೇಳಿದ್ರೇನು?”

ಹೌದು ಅಂದರೆ ಮುಗಿಯುತ್ತಿತ್ತು. ಗದ್ದೆಪ್ಪ ಬೀಡಿ ಕೆಳಗೆ ಹಾಕಿ ಚಪ್ಪಲಿಯಿಂದ ಹೊಸಕಿದ.

“ಇಲ್ಲ. ನಾಕು ದಿನ ಓಡಿಸಿದ್ರೂ ನನಗ ಗೊತ್ತಾಗಲಿಲ್ಲ. ನನ್ನ ಮಗಳು ಕಂಡುಹಿಡದ್ಲು. ನಾನ ಆಕೀನ ಸುಮ್ನ ನಿಂದ್ರು ಅಂದಿದ್ದೆ.”

ಡ್ರೈವರುಗಳು ಗೊಳ್ಳೆಂದು ನಕ್ಕರು. “ಹಂಗಾರ ಸ್ಟೇರಿಂಗ್ ಆಕಿ ಕೈಯಾಗ ಕೊಟ್ಟುಬಿಡಪಾ!” ಅಂದ ಹಂಪಯ್ಯ.

“ಕೊಡ್ತೀನಿ. ಕ್ಲಚ್ಚಿಗೆ ಕಾಲು ಮುಟ್ಟಲಿ ತಡಿ,” ಅಂದ ಗದ್ದೆಪ್ಪ. ಅವನು ನಗಲಿಲ್ಲ. “ಆಕಿ ಏನು ಮಾಡಿದ್ಲು ಗೊತ್ತೇನು? ಜಡಿ ರಿಬ್ಬನ್ ಬಿಚ್ಚಿದ್ಲು...”

ಮಾನಮ್ಮ ಕರೆಯಲೆಂದು ಬಾಯಿ ತೆರೆದಿದ್ದಳು. ಕರೆಯಲಿಲ್ಲ. ಆ ಜೀಪಿನವರ ನಡುವೆ ನಿಂತು ಅಷ್ಟು ಹೇಳುವುದು ಅಪ್ಪನಿಗೆ ಆ ದಡಕ್ಕಿಂತ ಕಡಿದಾಗಿತ್ತು ಎಂದು ಆಕೆಗೆ ಅನ್ನಿಸಿತು. ಸರ್ಟಿಫಿಕೇಟನ್ನು ಬೆನ್ನ ಹಿಂದೆ ಹಿಡಿದು, ಅವನು ಹೇಳಿ ಮುಗಿಸಲಿ ಎಂದು ಜೀಪಿನ ಮರೆಯಲ್ಲಿ ಕಾಯುತ್ತ ನಿಂತಳು.