ಕಣ್ಣಿಗೆ ಹೊಂದಿಸುವ ಚಕ್ರ

ಊರೂರು ಅಲೆದು ಋತುಗಳ ಫೋಟೋ ತೆಗೆಯುವ ಹುಚ್ಚು ನನಗೆ. ಈಗ ಅದೂ ಸಾಕಾಗಿದೆ. ಈ ಹಳೆಯ ಕ್ಯಾಮೆರಾ ಕೊಂಡಾಗಿನಿಂದ ಒಂದೇ ರಗಳೆ. ನೋಡುವವರ ದೃಷ್ಟಿಗೆ ಹೊಂದಿಸುವ ಪುಟ್ಟ ಚಕ್ರವನ್ನು ಸರಿಮಾಡಿಟ್ಟರೆ, ಬೆಳಗಾಗುವಷ್ಟರಲ್ಲಿ ತಿರುಗಿರುತ್ತದೆ.

“ನಿಮ್ಮ ಕ್ಯಾಮೆರಾ ಸಹವಾಸ ನನಗ್ಯಾಕ್ರೀ?” ಎಂದಳು ಹೆಂಡತಿ. ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆದರೂ ತಿರುಗಿತ್ತು, ಕಣ್ಣಿಡುವ ಕಡೆಯ ರಬ್ಬರು ಬೆಚ್ಚಗಿತ್ತು.

“ತಾನಾಗೇ ತಿರುಗಲ್ಲ ಸಾರ್,” ಎಂದ ರಿಪೇರಿಯವನು. “ಯಾರೋ ತಮ್ಮ ಕಣ್ಣಿಗೆ ಹೊಂದಿಸ್ಕೊಳ್ತಿದ್ದಾರೆ. ಪಾಪ, ಅವರಿಗೆ ದೃಷ್ಟಿ ಮಂದ ಆಗ್ತಾ ಇದೆ.”

ಚಿಗುರುಗಾಲದಿಂದ ಇಷ್ಟಿಷ್ಟೇ ಸರಿದ ಚಕ್ರ, ಎಲೆ ಉದುರುವ ಹೊತ್ತಿಗೆ ಕೊನೆ ಮುಟ್ಟಿ ನಿಂತಿತು; ಆಮೇಲೆ ಅದನ್ನು ಯಾರೂ ತಿರುಗಿಸಲಿಲ್ಲ. ಪೀಡೆ ತೊಲಗಿತು ಅಂದುಕೊಂಡೆ.

ಈಗ ಬೀಗ ತೆಗೆದರೆ ಲೆನ್ಸಿನ ತುಂಬ ಬೆರಳಿನ ಗುರುತು, ಕಣ್ಣು ಕಾಣದವರು ತಡಕಾಡಿದ ಹಾಗೆ. ದಿನಾ ಒರೆಸುತ್ತೇನೆ. ನಿನ್ನೆ ಎದ್ದಾಗ ನನ್ನ ಕನ್ನಡಕದ ಮೇಲೂ ಇತ್ತು.