ಕೇಳಿ ಎಳೆಯುವ ಮಂಚ

"ಇನ್ನೂ ಎಳೆಯಲೇ?" ಎಂದು ಎಳೆಮಂಚ ಕೇಳಿತು.

"ಪರವಾಗಿಲ್ಲ, ಎಳೀರಿ," ಎಂದರು ಹಾಲೇಶಪ್ಪ. ಹಾಗೆನ್ನುವಾಗ ಅವರ ಎರಡೂ ಕೈ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದವು, ಹಣೆಯಿಂದ ಬೆವರಿಳಿಯುತ್ತಿತ್ತು. ಮಂಚ ಅವರ ಮಾತನ್ನು ನಂಬಿ ಇನ್ನಷ್ಟು ಎಳೆಯಿತು.

ದಾವಣಗೆರೆಯ ಆ ಆಸ್ಪತ್ರೆಗೆ ಎಳೆಮಂಚ ಹೊಸದು. ರೋಗಿಯ ಎದೆಗೊಂದು, ಸೊಂಟಕ್ಕೊಂದು ಪಟ್ಟಿ ಬಿಗಿದು, ಬೆನ್ನುಮೂಳೆಯನ್ನು ಮೆಲ್ಲಗೆ ಎಳೆದು, ಮೂಳೆಮಣಿಗಳ ನಡುವೆ ಸಿಕ್ಕಿಕೊಂಡ ನರಕ್ಕೆ ಜಾಗ ಮಾಡಿಕೊಡುವುದು ಅದರ ಕೆಲಸ. ಎಳೆಯುವ ಮೊದಲು ಅದರೊಳಗಿನ ಒತ್ತುಬೆರಳುಗಳು ಬೆನ್ನಿನ ಸ್ನಾಯುಗಳನ್ನು ನಾದಿ ಗಂಟು ಬಿಡಿಸುತ್ತಿದ್ದವು. ಸ್ನಾಯು ಬಿಗಿಯಾದರೆ ಬೆರಳುಗಳಿಗೆ ಗೊತ್ತಾಗುತ್ತಿತ್ತು. ಬಿಗಿದದ್ದು ನೋವಿಗೋ, ಭಯಕ್ಕೋ, ಚಳಿಗೋ ಎಂಬುದು ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಮಂಚವನ್ನು ರೂಪಿಸಿದ ಡಾ. ನಾಗವೇಣಿ ಒಂದು ನಿಯಮ ಇಟ್ಟಿದ್ದರು: ಮೈ ಯಾರದೋ ಕೊನೆಯ ಮಾತೂ ಅವರದೇ. ಕೇಳದೆ ಮಂಚ ಎಳೆಯಬಾರದು.

ಒಳ್ಳೆಯ ನಿಯಮವೇ. ಆದರೆ ನಮ್ಮ ಜನ ಎಂಥವರೆಂದು ಡಾಕ್ಟರು ಯೋಚಿಸಿರಲಿಲ್ಲ. ಕಾಲು ತುಳಿದವನು "ನೋವಾಯ್ತಾ?" ಎಂದು ಕೇಳಿದರೆ "ಏನಿಲ್ಲ ಬಿಡಿ" ಎನ್ನುವ ಮಂದಿ ನಾವು. ಇಂಥವರ ಮಾತು ನಂಬಿದ ಯಂತ್ರ ಉದ್ಧಾರವಾಗುವುದು ಹೇಗೆ?

ಹಾಲೇಶಪ್ಪನವರಂತೂ ಈ ವಿದ್ಯೆಯಲ್ಲಿ ಪಳಗಿದವರು. ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತೇ ಅವರ ತಲೆ ಹಣ್ಣಾಗಿತ್ತು. ಆ ಹೊತ್ತಿಗೆ ಸೀರೆ ನೇಯುವುದು, ಮಡಿಸುವುದು ಎಲ್ಲ ಯಂತ್ರದ ಪಾಲಾಗಿದ್ದರೂ, ಬಿಡಿಸಿ ತೋರಿಸುವುದಕ್ಕೆ ಮನುಷ್ಯರೇ ಬೇಕೆಂದು ಹೆಂಗಸರು ಹಟ ಹಿಡಿದಿದ್ದರು. ದಿನವಿಡೀ ಚಕ್ಕಂಬಕ್ಕಳ ಹಾಕಿ, ಮುಂದಕ್ಕೆ ಬಾಗಿ ಸೀರೆ ಹಾರಿಸಬೇಕು. ಕೇಳಿದ ಬಣ್ಣ ಅಂಗಡಿಯಲ್ಲಿ ಇಲ್ಲದಿದ್ದರೂ ಇಲ್ಲ ಎನ್ನುವಂತಿಲ್ಲ, "ನಾಳೆ ಬರ್ತದಕ್ಕ" ಎನ್ನಬೇಕು. ರಾಶಿ ಬಿಡಿಸಿದ ಮೇಲೆ ಅವರು "ಇನ್ನೊಂದೆರಡು ಅಂಗಡಿ ನೋಡ್ಕಂಡು ಬರ್ತೀವಿ" ಎಂದು ಎದ್ದರೂ ನಗುತ್ತಲೇ ಕಳಿಸಬೇಕು. ಈಗ ಅವರ ಬೆನ್ನು ಸೋತು ಎಡಗಾಲು ಜೋಮು ಹಿಡಿದಿತ್ತು. ಮದುವೆ ಹಂಗಾಮಿನೊಳಗೆ ಸರಿಹೋಗದಿದ್ದರೆ ಗಾದಿಗೆ ಬೇರೆಯವರನ್ನು ಕೂರಿಸುವುದಾಗಿ ಮಾಲೀಕ ಗುರುಶಾಂತಪ್ಪ ಹೇಳಿಬಿಟ್ಟಿದ್ದರು. ಗಾದಿಯ ಮೇಲಿದ್ದರೆ ಅವರು ಊರಿಗೆಲ್ಲ ಹಾಲೇಶಣ್ಣ. ಅಲ್ಲಿಂದ ಇಳಿದರೆ ತಾನು ಯಾರು ಎಂಬುದು ಅವರಿಗೇ ಗೊತ್ತಿರಲಿಲ್ಲ.

ಅಂದು ಮಂಚದಿಂದ ಇಳಿದಾಗ ಅವರು ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಬಾಗಿದ್ದರು. ಡಾ. ನಾಗವೇಣಿ ತಾವೇ ಅವರನ್ನು ಬೋರಲು ಮಲಗಿಸಿ, ಸೊಂಟದ ಪಕ್ಕದ ಗಂಟಿಗೆ ಹೆಬ್ಬೆರಳು ಒತ್ತಿದರು.

"ಹೇಗನ್ಸುತ್ತೆ?"

"ಹಾಯಾಗೈತ್ರಿ."

"ಕಾಲ್ಬೆರಳು ಮುದುರಿಕೊಂಡಿವೆಯಲ್ರೀ. ಯಂತ್ರ ಎಳೆಯುವಾಗಲೂ ಹೀಗೇ ನೋವಾಗ್ತಿತ್ತಾ?"

"ಜೀವ ಹೋದಂಗಾತು."

"ಮತ್ತೆ ಯಾಕೆ ಹೇಳಲಿಲ್ಲ?"

"ಅಷ್ಟು ಕಷ್ಟಪಟ್ಟು ಮಾಡೀರಿ. ಬೇಜಾರಾದೀತು ಅಂತ."

"ಯಂತ್ರಕ್ಕಾ?"

"ನಿಮಗೇ ರಿ."

ಡಾಕ್ಟರಿಗೆ ಸಿಟ್ಟು ಬಂತು. ಅದೇ ವಾರ ಮಂಚದ ನಿಯಮ ಬದಲಾಯಿತು. ಇನ್ನು ಮೇಲೆ ರೋಗಿ ಒಮ್ಮೆಯಾದರೂ "ಬೇಡ" ಎನ್ನುವ ತನಕ ಪಟ್ಟಿ ಎಳೆಯುವುದೇ ಇಲ್ಲ. ಅಪಾಯವಾಗದಷ್ಟು ಹಂತಹಂತವಾಗಿ ಬೆರಳುಗಳು ಒತ್ತುತ್ತವೆ, ಮಾತಿಗೆ ಕಾಯುತ್ತವೆ. ಇದಕ್ಕೆ ಅವರು ನಿರಾಕರಣ ಪರೀಕ್ಷೆ ಎಂದು ಹೆಸರಿಟ್ಟರು. ತನ್ನ ಮಿತಿಯನ್ನು ಬಾಯಿಬಿಟ್ಟು ಹೇಳದವನ ಬೆನ್ನನ್ನು ಎಳೆಯುವುದು ಅಪರಾಧ ಎಂಬುದು ಅವರ ವಾದ.

ಹಾಲೇಶಪ್ಪ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾದರು. "ಸ್ವಲ್ಪ..." ಎಂದರು, "ತಪ್ಪು ತಿಳೀಬ್ಯಾಡಿ..." ಎಂದರು. ಮಂಚ ಅದನ್ನು "ಬೇಡ" ಎಂದು ಒಪ್ಪಲಿಲ್ಲ. ಕೊನೆಗೊಂದು ದಿನ ಅವರ ಗಂಟಲಿನಿಂದ ಅವರದೇ ಎಂದು ಗುರುತು ಸಿಗದ ದನಿ ಹೊರಬಿತ್ತು.

"ಬ್ಯಾಡ. ಬ್ಯಾಡ ಅಂದ್ನಲ್ಲ, ತೆಗಿ ಕೈ."

ಬೆರಳುಗಳು ತಕ್ಷಣ ನಿಂತವು. ಹಾಲೇಶಪ್ಪ ಕತ್ತೆತ್ತಿ ಡಾಕ್ಟರ ಕಡೆ ನೋಡಿದರು.

"ನಿಂತ್ಬಿಡ್ತು ಮೇಡಂ," ಎಂದರು.

"ನಿಲ್ಲಲೇಬೇಕು. ಹಾಗೇ ಮಾಡಿದೀನಿ."

"ಅದಲ್ರಿ. ನಾನು ಹೇಳಿದ್ದಕ್ಕೆ ನಿಂತ್ಬಿಡ್ತು." ಅವರ ಕಣ್ಣು ತುಂಬಿತ್ತು.

ಅಂದು ಬೆನ್ನಿನ ಸ್ನಾಯುಗಳು ಮೊದಲ ಸಲ ಸಡಿಲಾದವು, ಪಟ್ಟಿ ಎಳೆದಾಗ ನರಕ್ಕೆ ಜಾಗ ಸಿಕ್ಕಿತು. ಕೆಲವೇ ವಾರಗಳಲ್ಲಿ ಎಡಗಾಲಿಗೆ ನೆಲದ ತಂಪು ತಿಳಿಯತೊಡಗಿತು.

ಅಂಗಡಿಗೆ ಹೋದವರೇ ಹಾಲೇಶಪ್ಪ ಕುಳಿತುಕೊಳ್ಳಲು ಸ್ಟೂಲು ಕೇಳಿದರು. ಬೆನ್ನು ಹೇಳಿದಾಗ ಎದ್ದು ಓಡಾಡುವುದಾಗಿಯೂ ತಿಳಿಸಿದರು. ಮಂಚ ಹತ್ತಿಳಿದಿದ್ದ ಉಳಿದ ಸೇಲ್ಸ್‌ಮನ್ನುಗಳೂ ಅದನ್ನೇ ಹೇಳಿದರು. ಗುರುಶಾಂತಪ್ಪ ಬರೀ ಅಂಗಡಿಯ ಮಾಲೀಕರಲ್ಲ, ಆ ಆಸ್ಪತ್ರೆಯ ಟ್ರಸ್ಟಿನ ಅಧ್ಯಕ್ಷರೂ ಹೌದು. ಹಾಲೇಶಪ್ಪನವರನ್ನು ಜೊತೆಗೆ ಕರೆದುಕೊಂಡೇ ಅವರು ಆಸ್ಪತ್ರೆಗೆ ಬಂದರು.

"ಬೆನ್ನು ರಿಪೇರಿ ಮಾಡಿ ಅಂತ ಕಳ್ಸಿದ್ದೆ ಡಾಕ್ಟ್ರೇ, ಬಾಯಿ ರಿಪೇರಿ ಮಾಡಿ ಅಂತಲ್ಲ. ಆ ಪ್ರಶ್ನೆ ಕೇಳೋದು ತೆಗೀರಿ. ಯಂತ್ರ ಅಂದ್ರೆ ತನ್ನ ಕೆಲ್ಸ ತಾನು ಮಾಡ್ಬೇಕಪ್ಪ."

"ನೋಡೋಣ ಸರ್..." ಎಂದು ಡಾಕ್ಟರು ರಾಗ ಎಳೆದರು. "ಬೇಡ" ಎನ್ನುವ ಪರೀಕ್ಷೆ ಇಟ್ಟವರ ಪಾಡೇ ಹೀಗೆ.

"ನೋಡೋದೇನು, ಈಗ್ಲೇ ತೆಗ್ದು ಇವನ ಮ್ಯಾಲೇ ತೋರ್ಸಿ. ಹಾಲೇಶಿ, ಮಲ್ಕೋ."

"ಕೇಳ್ದೇ ಎಳ್ಯೋದಾದ್ರೆ ಮಲಗಲ್ರಿ," ಎಂದರು ಹಾಲೇಶಪ್ಪ.

"ಗಾದಿ ಬೇಕೋ ಬ್ಯಾಡೋ?"

ಹಾಲೇಶಪ್ಪನವರ ಮುಖ ಬಿಳಿಚಿತು. ಆದರೂ ಅವರು ನೆಟ್ಟಗೇ ನಿಂತಿದ್ದರು.

"ಹಂಗಾದ್ರೆ ಬ್ಯಾಡ," ಎಂದು ಹೇಳಿ ಹೊರಟುಹೋದರು.

ಡಾ. ನಾಗವೇಣಿ ಬಾಗಿಲನ್ನೇ ನೋಡುತ್ತ ನಿಂತಿದ್ದರು. ಆಮೇಲೆ ತಿರುಗಿ, "ನಾನೂ ತೆಗೆಯಲ್ಲ ಸರ್. ಬೇಕಾದ್ರೆ ನನ್ನನ್ನೇ ತೆಗೀರಿ," ಎಂದರು.

ತೆಗೆಯುವಷ್ಟು ಪುರುಸೊತ್ತು ಗುರುಶಾಂತಪ್ಪನವರಿಗೆ ಸಿಗಲಿಲ್ಲ. ಮದುವೆ ಹಂಗಾಮು ಶುರುವಾಗಿತ್ತು. ಬಂದವರೆಲ್ಲ "ಹಾಲೇಶಣ್ಣ ಎಲ್ಲಿ?" ಎಂದು ಕೇಳಿ ಮೆಟ್ಟಿಲಲ್ಲೇ ಹಿಂದಿರುಗತೊಡಗಿದರು. ಹಟಕ್ಕೆ ಬಿದ್ದ ಸಾಹುಕಾರರು ತಾವೇ ಗಾದಿಯ ಮೇಲೆ ಕುಳಿತರು. ವಾರ ತುಂಬುವ ಮೊದಲೇ ಅವರ ಸೊಂಟ ಹಿಡಿದು, ಇಬ್ಬರು ಎತ್ತಿ ತಂದು ಎಳೆಮಂಚದ ಮೇಲೆ ಮಲಗಿಸಬೇಕಾಯಿತು. ಪಟ್ಟಿ ಬಿಗಿದಾಗ ಅವರು ಅಂಜಿದ್ದು ಎಲ್ಲರಿಗೂ ಕಾಣುತ್ತಿತ್ತು.

ಬೆರಳೊತ್ತಿದ ಕೂಡಲೆ ಅವರು "ಬ್ಯಾಡ" ಎಂದು ಕಿರುಚಿದರು. ಮಂಚ ನಿಂತಿತು. ಸಾಹುಕಾರರು ಮೆಲ್ಲಗೆ ಉಸಿರು ಬಿಟ್ಟರು.

"ಕೇಳೋದು ತೆಗ್ದಿಲ್ಲ ಅಲ್ವಾ ನೀವು?"

"ತೆಗೆದಿಲ್ಲ."

"ತೆಗೀಬ್ಯಾಡಿ ತಾಯಿ," ಎಂದು ಅಲ್ಲಿಂದಲೇ ಹಾಲೇಶಪ್ಪನವರಿಗೆ ಫೋನು ಹಚ್ಚಿಸಿದರು. "ನಾಳೆಯಿಂದ ಬಾರಪ್ಪ. ಸ್ಟೂಲ್ ಹಾಕ್ಸಿದೀನಿ. ಯಾವಾಗ ಬೇಕೋ ಆವಾಗ ಎದ್ದೇಳು. ಏನಂತಿ?"

ಆ ಕಡೆಯಿಂದ ಹಾಲೇಶಪ್ಪ ಬಲು ವಿನಯದಿಂದ ಹೇಳಿದರು:

"ಚೆನ್ನಾಗೈತ್ರಿ ಸಾವ್ಕಾರ್ರೆ. ಇನ್ನೊಂದೆರಡು ಅಂಗಡಿ ನೋಡ್ಕಂಡು ಬರ್ತೀನಿ."